ಮೊಟ್ಟೆ ಮಾಲೆ

ಕೋಳಿಮೊಟ್ಟೆಯ ಹಳದಿಯನ್ನು ಸಣ್ಣ ತೂತಿನಿಂದ ಕುದಿಯುವ ಸಕ್ಕರೆ ಪಾಕಕ್ಕೆ ಎಳೆಯಾಗಿ ಇಳಿಸಿ ಬೇಯಿಸುವ ಹಬ್ಬದ ಸಿಹಿ. ಕಾಸರಗೋಡು, ಕಣ್ಣೂರು, ಕೋಳಿಕ್ಕೋಡುಗಳ ಮಾಪಿಳ್ಳೆ ಮುಸ್ಲಿಮರ ಅಡುಗೆಯಲ್ಲಿ ಮುಟ್ಟಮಾಲ ಎಂದು ಹೆಸರಾದ ಇದು ದಕ್ಷಿಣ ಕನ್ನಡದ ಬ್ಯಾರಿ ಮುಸ್ಲಿಮರ ಮನೆಗಳಿಗೂ ಪರಿಚಿತ. ಮದುವೆ, ಹೊಸ ಅಳಿಯನ ಸತ್ಕಾರ, ರಮ್ಜಾನ್ ತಿಂಗಳ ಇಫ್ತಾರ್, ಪೆರ್ನಾಳ್ (ಈದ್) ಇವು ಇದನ್ನು ಮಾಡುವ ಸಂದರ್ಭಗಳು. ಬೇಕಾದ ಸಾಮಾನು ಮೊಟ್ಟೆ, ಸಕ್ಕರೆ, ನೀರು, ಪರಿಮಳಕ್ಕೆ ನಾಲ್ಕು ಏಲಕ್ಕಿ ಇಷ್ಟೇ. ಆದರೂ ಕರಾವಳಿಯ ಸಿಹಿಗಳಲ್ಲಿ ಇಷ್ಟು ಸುಲಭವಾಗಿ ಕೈಕೊಡುವ ತಿನಿಸು ಇನ್ನೊಂದು ಸಿಗುವುದು ಕಷ್ಟ. ಎಳೆ ಬಾರದೆ ಚೂರಾದರೆ, ಗಂಟಾದರೆ, ರಬ್ಬರಿನಂತೆ ಬಿಗಿದುಕೊಂಡರೆ ಮಾಡಿದವರು ಮೊದಲು ದೂರುವುದು ಮೊಟ್ಟೆಯನ್ನು. ತಪ್ಪು ಹೆಚ್ಚಿನ ಸಲ ಇರುವುದು ಪಾಕದಲ್ಲಿ.

ಪ್ರದೇಶ ಮತ್ತು ಸಂದರ್ಭ

ದಕ್ಷಿಣ ಕನ್ನಡದ ಬ್ಯಾರಿ ಮನೆಗಳ ಮಾತಿಗೆ ಮಿಜಾರಿನ ಸೀಮೆಯನ್ನೇ ನೋಡಬಹುದು. ಮಂಗಳೂರಿನಿಂದ ಮೂಡುಬಿದಿರೆಗೆ ಹೋಗುವ ಹೆದ್ದಾರಿಯಲ್ಲಿ, ಮೂಡುಬಿದಿರೆ ಮುಟ್ಟುವ ಮುನ್ನ ಸಿಗುವ ಊರು ಮಿಜಾರು. ತೆಂಕಮಿಜಾರು, ಬಡಗಮಿಜಾರು ಎಂದು ಎರಡು ಗ್ರಾಮಗಳಾಗಿ ಹರಡಿದೆ. ಹೊರಗಿನವರಿಗೆ ಇದು ಕಂಬಳದ ಓಟಗಾರರ ಊರು, ಇಂಜಿನಿಯರಿಂಗ್ ಕಾಲೇಜಿನ ಊರು. ಇಲ್ಲಿಂದ ತೋಡಾರು, ಮೂಡುಬಿದಿರೆ, ಅತ್ತ ಬಂಟ್ವಾಳ, ಬೆಳ್ತಂಗಡಿಯವರೆಗಿನ ಸೀಮೆಯಲ್ಲಿ ತುಳು, ಕೊಂಕಣಿ, ಬ್ಯಾರಿ, ಕನ್ನಡ ನಾಲ್ಕೂ ಒಂದೇ ಸಂತೆಯಲ್ಲಿ ಕೇಳಿಸುತ್ತವೆ. ಅಡುಗೆಮನೆಗಳು ಮಾತ್ರ ಬೇರೆ ಬೇರೆ. ಹದಿನೆಂಟು ಬಸದಿಗಳ ಮೂಡುಬಿದಿರೆಯಲ್ಲಿ ಮೊಟ್ಟೆಯೇ ಒಳಗೆ ಬಾರದ ಮನೆಗಳಿವೆ. ಕ್ರಿಸ್‌ಮಸ್ಸಿಗೆ ಕುಸ್ವಾರ್ ತಿಂಡಿಗಳನ್ನು ಮಾಡುವ ಕ್ರೈಸ್ತ ಮನೆಗಳಲ್ಲಿ ಮೊಟ್ಟೆ ಹಿಟ್ಟಿನೊಳಗೆ ಕರಗಿಹೋಗುತ್ತದೆ. ಮೊಟ್ಟೆಯೇ ತಿನಿಸಾಗಿ, ಅದೂ ಸಿಹಿಯಾಗಿ ತಟ್ಟೆಗೆ ಬರುವುದು ಬ್ಯಾರಿಗಳಲ್ಲಿ.

ಬ್ಯಾರಿ ಭಾಷೆ ಮಲಯಾಳಕ್ಕೂ ತುಳುವಿಗೂ ಹತ್ತಿರದ್ದು. 2007ರಲ್ಲಿ ಕರ್ನಾಟಕ ಸರ್ಕಾರ ಅದಕ್ಕೊಂದು ಸಾಹಿತ್ಯ ಅಕಾಡೆಮಿಯನ್ನೂ ಕೊಟ್ಟಿತು. ಕಾಸರಗೋಡು ಮತ್ತು ಮಂಗಳೂರು ಸೀಮೆಗಳ ನಡುವೆ ಹೆಣ್ಣು ಕೊಟ್ಟು ತರುವ ಸಂಬಂಧ ಹಳೆಯದು. 1956ರಲ್ಲಿ ರಾಜ್ಯಗಳ ಗಡಿ ಬಿದ್ದ ಮೇಲೂ ಅದು ನಿಲ್ಲಲಿಲ್ಲ. ಇಂಥ ತಿನಿಸುಗಳು ಪುಸ್ತಕಕ್ಕಿಂತ ಮೊದಲು ಮದುವೆಯ ದಾರಿಯಲ್ಲೇ ಊರೂರಿಗೆ ಹೋದವು.

ಹಬ್ಬದ ತಾರೀಖು ಈ ಸಿಹಿಯ ಕಷ್ಟವನ್ನು ವರ್ಷದಿಂದ ವರ್ಷಕ್ಕೆ ಬದಲಿಸುತ್ತದೆ. ಹಿಜರಿ ವರ್ಷ ಚಂದ್ರಮಾನದ್ದು, 354 ಅಥವಾ 355 ದಿನಗಳದ್ದು. ಹೀಗಾಗಿ ರಮ್ಜಾನ್ ಪ್ರತಿವರ್ಷ ಸುಮಾರು 11 ದಿನ ಹಿಂದಕ್ಕೆ ಸರಿದು, ಸುಮಾರು 33 ವರ್ಷಗಳಲ್ಲಿ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. 2016ರಲ್ಲಿ ಪೆರ್ನಾಳ್ ಬಂದದ್ದು ಜುಲೈ ಮೊದಲ ವಾರದಲ್ಲಿ, ಜಡಿಮಳೆಯ ನಡುವೆ. 2025ರಲ್ಲಿ ಮಾರ್ಚ್ ಕೊನೆಗೆ, ಸೆಕೆಯ ಆರಂಭದಲ್ಲಿ. ಮಳೆಗಾಲದಲ್ಲಿ ಸಕ್ಕರೆ ಗಾಳಿಯ ತೇವ ಹೀರುತ್ತದೆ. ಪಾಕದಿಂದ ಎತ್ತಿ ಹರಡಿದ ಎಳೆಗಳು ಒಣಗುವ ಬದಲು ಜಿನುಗಿ ಒಂದಕ್ಕೊಂದು ಅಂಟುತ್ತವೆ. ಬೇಸಗೆಯಲ್ಲಿ ತೊಂದರೆ ಮೊಟ್ಟೆಯಲ್ಲೇ ಶುರುವಾಗುತ್ತದೆ. ಸೆಕೆಗೆ ಏದುಸಿರು ಬಿಡುವ ಕೋಳಿಯ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದು ಚಿಪ್ಪು ತೆಳುವಾಗುತ್ತದೆ. ಬಿಸಿಯಲ್ಲಿ ಇಟ್ಟ ಮೊಟ್ಟೆಯ ಹಳದಿಯ ಸುತ್ತಲಿನ ಪೊರೆ ಬೇಗ ಸಡಿಲಗೊಂಡು, ಒಡೆದ ಕ್ಷಣವೇ ಹಳದಿ ಬಿಳಿಯೊಳಗೆ ಹರಿದುಬಿಡುತ್ತದೆ.

ಇನ್ನೊಂದು ಸಂಗತಿಯನ್ನು ಅಡುಗೆ ಪುಸ್ತಕಗಳು ಹೇಳುವುದಿಲ್ಲ. ಇಫ್ತಾರಿಗೆ ಇದನ್ನು ಮಾಡುವ ಹೆಂಗಸು ಉಪವಾಸದಲ್ಲಿರುತ್ತಾಳೆ. ಸಂಜೆಯ ಅಸರ್ ನಮಾಜಿನ ಹೊತ್ತಿಗೆ, ಬೆಳಗ್ಗಿನಿಂದ ನೀರೂ ಕುಡಿಯದೆ, ಕುದಿಯುವ ಪಾಕದ ಮುಂದೆ ನಿಂತಿರುತ್ತಾಳೆ. ಉರಿ ಓಲಾಡುತ್ತದೆಂದು ಫ್ಯಾನ್ ಹಾಕುವಂತಿಲ್ಲ, ಉಪವಾಸವಾದ್ದರಿಂದ ರುಚಿ ನೋಡುವಂತಿಲ್ಲ. ಕಣ್ಣು ಮತ್ತು ಬೆರಳಿನ ಅಂದಾಜಿನ ಮೇಲೆಯೇ ಎಲ್ಲವೂ ನಡೆಯಬೇಕು. ಈ ತಿನಿಸಿನ ಗೌರವ ಇರುವುದೂ ಇಲ್ಲಿಯೇ.

ಮೂಲ

ಮೊಟ್ಟೆಯ ಎಳೆಗಳ ಸಿಹಿಯನ್ನು ಪೋರ್ಚುಗಲ್ಲಿನಲ್ಲಿ ಫಿಯೋಸ್ ದೆ ಓವೋಸ್ ಎನ್ನುತ್ತಾರೆ. 15ನೆಯ ಶತಮಾನದಲ್ಲಿ ಮದೀರಾ ದ್ವೀಪದ ಸಕ್ಕರೆ ಧಾರಾಳವಾಗಿ ಬರತೊಡಗಿದ ಮೇಲೆ ಅಲ್ಲಿನ ಕ್ರೈಸ್ತ ಸನ್ಯಾಸಿನಿಯರ ಮಠಗಳಲ್ಲಿ ಹಳದಿ ಮತ್ತು ಸಕ್ಕರೆಯ ಸಿಹಿಗಳ ಒಂದು ಪರಂಪರೆಯೇ ಬೆಳೆಯಿತು. ಮೊಟ್ಟೆಯ ಬಿಳಿಯನ್ನು ಬಟ್ಟೆಗೆ ಗಂಜಿ ಹಾಕಲು, ದ್ರಾಕ್ಷಾರಸ ತಿಳಿ ಮಾಡಲು ಬಳಸಿ, ಉಳಿದ ಹಳದಿಯನ್ನು ಸಿಹಿಗೆ ಹಾಕುತ್ತಿದ್ದರೆಂದು ಸಾಮಾನ್ಯವಾಗಿ ಹೇಳುತ್ತಾರೆ. ಪೋರ್ಚುಗೀಸ್ ಹಡಗುಗಳು ಹೋದಲ್ಲೆಲ್ಲ ಈ ಎಳೆಗಳೂ ಹೋದವು. ಜಪಾನಿನ ಫುಕುವೋಕಾ ಕಡೆ ಇದು ಕೇರನ್ ಸೋಮೆನ್. ಥಾಯ್ಲೆಂಡಿನಲ್ಲಿ ಫೊಯ್ ಥೊಂಗ್. 17ನೆಯ ಶತಮಾನದಲ್ಲಿ, ರಾಜ ನರಾಯ್ ಕಾಲದ ಅಯುತ್ಥಯದ ಅರಮನೆ ಅಡುಗೆಗೆ ಇದನ್ನು ತಂದ ಹಿರಿಮೆಯನ್ನು ಥಾಯ್ ಜನ ಮರಿಯಾ ಗುಯೋಮಾರ್ ದೆ ಪಿನ್ಹಾ ಎಂಬಾಕೆಗೆ ಕೊಡುತ್ತಾರೆ. ಎಳೆ ಉದ್ದವಾದಷ್ಟೂ ದಾಂಪತ್ಯ ದೀರ್ಘವೆಂದು ಅಲ್ಲಿ ಮದುವೆಗೆ ಇದು ಬೇಕೇ ಬೇಕು. ಸ್ಪೇನ್, ಬ್ರೆಜಿಲ್‌ಗಳಲ್ಲಿ ಕ್ರಿಸ್‌ಮಸ್ ಊಟದ ಮಾಂಸದ ಪಕ್ಕದಲ್ಲಿ ಬಡಿಸುತ್ತಾರೆ. ಹಲವೆಡೆ ಇದು ಹಬ್ಬಕ್ಕೋ ಮದುವೆಗೋ ಅಂಟಿಕೊಂಡಿರುವುದು ಗಮನಿಸಬೇಕಾದ ಸಂಗತಿ.

ಮಲಬಾರಿನ ಮುಟ್ಟಮಾಲವೂ ಇದೇ ಕುಟುಂಬದ್ದು, ಪೋರ್ಚುಗೀಸ್ ಸಂಪರ್ಕದಿಂದ ಬಂದದ್ದು ಎಂಬುದು ಆಹಾರದ ಇತಿಹಾಸ ಬರೆದವರ ಸಾಮಾನ್ಯ ಅಭಿಪ್ರಾಯ. 1498ರಲ್ಲಿ ವಾಸ್ಕೋ ಡ ಗಾಮ ಕೋಳಿಕ್ಕೋಡಿಗೆ ಬಂದ. 1505ರಲ್ಲಿ ಕಣ್ಣೂರಿನಲ್ಲಿ ಪೋರ್ಚುಗೀಸರ ಕೋಟೆ ಎದ್ದಿತು. ಮಿಜಾರಿನ ಸೀಮೆಗೂ ಈ ಕತೆ ದೂರದ್ದಲ್ಲ. ಪುತ್ತಿಗೆ, ಮೂಡುಬಿದಿರೆಗಳಿಂದ ಆಳಿದ ಜೈನ ಚೌಟರ ವಂಶದವಳೇ ಪೋರ್ಚುಗೀಸರನ್ನು ಎದುರಿಸಿದ ಉಳ್ಳಾಲದ ರಾಣಿ ಅಬ್ಬಕ್ಕ. 1568ರಲ್ಲಿ ಪೋರ್ಚುಗೀಸರು ಮಂಗಳೂರಿನಲ್ಲಿ ಕೋಟೆ ಕಟ್ಟಿದರು. ಕರಾವಳಿಯ ಅಕ್ಕಿ ಗೋವೆಗೆ ಹೋಗುತ್ತಿತ್ತು. ಜಗಳ, ವ್ಯಾಪಾರ ಎರಡೂ ಒಟ್ಟೊಟ್ಟಿಗೆ ನಡೆದವು. ಮಾಪಿಳ್ಳೆಯರೂ ಪೋರ್ಚುಗೀಸರೊಂದಿಗೆ ಒಂದು ಶತಮಾನಕ್ಕೂ ಹೆಚ್ಚು ಕಾಲ ಸಮುದ್ರದಲ್ಲಿ ಹೋರಾಡಿದವರು. ಶತ್ರುವಿನ ಸಿಹಿಯನ್ನು ತೆಗೆದುಕೊಂಡು, ಅದಕ್ಕೆ ಏಲಕ್ಕಿ ಹಾಕಿ, ಬಿಳಿಗೂ ಒಂದು ಗತಿ ಕಾಣಿಸಿ ತಮ್ಮದಾಗಿಸಿಕೊಂಡ ಮಾಪಿಳ್ಳೆ ಹೆಂಗಸರ ಜಾಣ್ಮೆ ದೊಡ್ಡದು.

ಹಳದಿ

ಹನ್ನೆರಡು ಮೊಟ್ಟೆ ಒಂದು ತಟ್ಟೆಯ ಲೆಕ್ಕ. ಸಾಮಾನ್ಯ ಮೊಟ್ಟೆಯ ಹಳದಿ 17ರಿಂದ 18 ಗ್ರಾಂ ತೂಗುತ್ತದೆ, ಹೀಗಾಗಿ ಹನ್ನೆರಡರಿಂದ ಸಿಗುವುದು 200 ಗ್ರಾಮಿನ ಆಸುಪಾಸು. ಬಿಳಿ ಬೇರ್ಪಡಿಸುವಾಗ ಮೊಟ್ಟೆ ತಣ್ಣಗಿದ್ದರೆ ಒಳ್ಳೆಯದು, ಹಳದಿ ಗಟ್ಟಿಯಾಗಿ ನಿಲ್ಲುತ್ತದೆ. ಎಳೆ ಇಳಿಸುವ ಹೊತ್ತಿಗೆ ಮಾತ್ರ ಕೋಣೆಯ ಬಿಸಿಗೆ ಬಂದಿರಬೇಕು, ಇಲ್ಲವಾದರೆ ದಪ್ಪಗಿದ್ದು ತೂತಿನಲ್ಲಿ ತಡೆದು ತಡೆದು ಬೀಳುತ್ತದೆ. ಹಳದಿಯ ಎರಡು ಬದಿಗೆ ಹಗ್ಗದಂತೆ ತಿರುಚಿಕೊಂಡ ಬಿಳಿ ನಾರು ಇರುತ್ತದೆ. ಬಿಳಿಯ ನಡುವೆ ಹಳದಿಯನ್ನು ಹಿಡಿದಿಡುವುದು ಅದರ ಕೆಲಸ. ಇದನ್ನೂ ಹಳದಿಯ ಪೊರೆಯನ್ನೂ ತೆಗೆಯದಿದ್ದರೆ ನಡುವೆ ತೂತು ಕಟ್ಟಿಕೊಳ್ಳುವುದು ಖಂಡಿತ. ಅದಕ್ಕಾಗಿ ತೆಳು ಹತ್ತಿಬಟ್ಟೆಯಲ್ಲಿ ಸೋಸುತ್ತಾರೆ, ಪಳಗಿದವರು ಎರಡು ಸಲ. ಹಿಂಡಬಾರದು, ಹಿಂಡಿದರೆ ಪೊರೆಯೂ ಜೊತೆಗೆ ಇಳಿಯುತ್ತದೆ. ಕಲಸುವುದು ಚಮಚದಿಂದ, ನಿಧಾನವಾಗಿ. ಮಿಕ್ಸಿಗೆ ಹಾಕಿದರೆ ನೊರೆ ಬರುತ್ತದೆ, ನೊರೆಯ ಗುಳ್ಳೆ ಬಂದಲ್ಲೆಲ್ಲ ಎಳೆ ಕಡಿಯುತ್ತದೆ.

ಬಣ್ಣ ಕೋಳಿಯ ಮೇವಿನಿಂದ ಬರುವುದು. ಹಸಿರು ಸೊಪ್ಪು, ಮೆಕ್ಕೆಜೋಳ ತಿಂದ ಊರ ಕೋಳಿಯ ಹಳದಿ ಕೇಸರಿಗೆ ತಿರುಗಿರುತ್ತದೆ. ಫಾರಂ ಮೊಟ್ಟೆ ಎಷ್ಟೋ ಸಲ ಮಾಸಲು ಹಳದಿ. ಅದಕ್ಕೆ ಚಿಟಿಕೆ ಬಣ್ಣದ ಪುಡಿ ಹಾಕುವವರಿದ್ದಾರೆ. ನಾಲ್ಕು ಊರ ಮೊಟ್ಟೆ ಬೆರೆಸಿದರೆ ಬಣ್ಣದ ಪುಡಿ ಬೇಕಾಗುವುದಿಲ್ಲ, ಅದೇ ಸರಿಯಾದ ದಾರಿ.

ಪಾಕ

ಇಡೀ ಕೆಲಸ ನಿಂತಿರುವುದು ಪಾಕದ ಮೇಲೆ. ಹಳದಿಯ ಪ್ರೋಟೀನು ಗಟ್ಟಿಯಾಗತೊಡಗುವುದು ಸುಮಾರು 65 ಡಿಗ್ರಿ ಸೆಲ್ಸಿಯಸ್‌ನಲ್ಲಿ, 70ಕ್ಕೆ ಚೆನ್ನಾಗಿ ಹಿಡಿದುಕೊಳ್ಳುತ್ತದೆ. ಸಕ್ಕರೆ ಇದ್ದಲ್ಲಿ ಗಟ್ಟಿಯಾಗಲು ಇನ್ನೂ ಹೆಚ್ಚಿನ ಬಿಸಿ ಬೇಕು. ಮಂದಗೊಂಡ ಸಕ್ಕರೆ ಪಾಕ ನೀರಿಗಿಂತ ಮೇಲಿನ ಬಿಸಿಯಲ್ಲಿ, 100 ಡಿಗ್ರಿ ದಾಟಿ ಕುದಿಯುವುದರಿಂದ, ಬಿದ್ದ ಎಳೆ ಹರಡುವ ಮೊದಲೇ ಹಿಡಿದುಕೊಳ್ಳುತ್ತದೆ. ಪಾಕದ ಮಂದವೂ ಎಳೆಗೆ ಆಸರೆ. ಬರೀ ಬಿಸಿನೀರಿಗೆ ಬಿಟ್ಟರೆ ಅದೇ ಹಳದಿ ಚೂರುಚೂರಾಗಿ ಚದುರುತ್ತದೆ.

ಬೇಕಾದದ್ದು ಒಂದೆಳೆ ಪಾಕ. ಒಂದು ಹನಿಯನ್ನು ಹೆಬ್ಬೆರಳು ತೋರುಬೆರಳ ನಡುವೆ ಒತ್ತಿ ಬಿಡಿಸಿದಾಗ ಒಂದು ಎಳೆ ನಿಂತು ಕಡಿಯಬೇಕು. ಹಿಡಿದಾಗ ಸಿಕ್ಕಿದ ಈ ಹದ ಐದು ನಿಮಿಷದ ಮೇಲೆ ಇರುವುದಿಲ್ಲ ಎಂಬುದೇ ತೊಡಕು. ಎಳೆ ಹಾಕುವಾಗ ಪಾಕ ಭರ್ರನೆ ಕುದಿಯುತ್ತಲೇ ಇರಬೇಕು, ಕುದಿಯುವಾಗ ನೀರು ಆರುತ್ತಲೇ ಇರುತ್ತದೆ. ಎರಡನೆಯ ಸರದಿಗೆ ಒಂದೂವರೆ ಎಳೆ, ನಾಲ್ಕನೆಯದಕ್ಕೆ ಎರಡೆಳೆ. ಆಗ ಎಳೆಗಳು ಬಿಗಿದು ಗಡುಸಾಗುತ್ತವೆ, ತಟ್ಟೆಯಲ್ಲಿ ಆರಿದ ಮೇಲೆ ಸಕ್ಕರೆ ಹರಳುಗಟ್ಟುತ್ತದೆ. ಅದಕ್ಕೇ ಪ್ರತಿ ಸರದಿಯ ನಂತರ ಒಲೆಯ ಪಕ್ಕದ ಲೋಟದಿಂದ ಒಂದೆರಡು ಚಮಚ ನೀರು ಚಿಮುಕಿಸಿ ಪಾಕವನ್ನು ಮತ್ತೆ ಒಂದೆಳೆಗೆ ಇಳಿಸಬೇಕು. ಅನುಭವಸ್ಥರ ಮನೆಯಲ್ಲಿ ಈ ಲೋಟವನ್ನು ಎಲ್ಲಕ್ಕಿಂತ ಮೊದಲು ತುಂಬಿಡುತ್ತಾರೆ. ಬರೆದ ಪಾಕವಿಧಾನಗಳಲ್ಲಿ ಮೊಟ್ಟೆಯ ಸಂಖ್ಯೆ, ಸಕ್ಕರೆಯ ಅಳತೆ ಎಲ್ಲ ಇರುತ್ತದೆ, ಈ ಚಿಮುಕಿಸುವ ನೀರಿನ ಮಾತು ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ. ಹೊಸಬರ ಮೊದಲ ತಟ್ಟೆ ಚೆನ್ನಾಗಿ ಬಂದು ಮೂರನೆಯದು ಕೆಡುವುದಕ್ಕೆ ಇದಕ್ಕಿಂತ ದೊಡ್ಡ ಕಾರಣವಿಲ್ಲ.

ನೊರೆಯದು ಇನ್ನೊಂದು ಕಾಟ. ಹಳದಿಯ ಅಂಶ ಪಾಕಕ್ಕೆ ಸೇರಿದಷ್ಟೂ ಅದು ಉಕ್ಕತೊಡಗುತ್ತದೆ, ನೊರೆಯೊಳಗೆ ಎಳೆ ಕಾಣಿಸುವುದಿಲ್ಲ, ಮುದ್ದೆಯಾಗುತ್ತದೆ. ಅದೇ ನೀರು ಇದಕ್ಕೂ ಮದ್ದು. ಚಿಮುಕಿಸಿದೊಡನೆ ನೊರೆ ಇಳಿದು, ಅಡಿಯಲ್ಲಿದ್ದ ಎಳೆಗಳು ಹೊಳೆಯುತ್ತ ಮೇಲೆ ಕಾಣುತ್ತವೆ. ಸಕ್ಕರೆಯ ಕೊಳೆಯನ್ನು ಆರಂಭದಲ್ಲೇ ಒಂದು ಚಮಚ ಹಾಲು ಹಾಕಿ ಕೆನೆಯಾಗಿ ತೆಗೆದುಬಿಟ್ಟರೆ ಅರ್ಧ ನೊರೆ ಕಡಿಮೆ. ನಾಲ್ಕು ಹನಿ ಲಿಂಬೆರಸ ಹಾಕಿದರೆ ಸಕ್ಕರೆಯ ಒಂದಂಶ ಗ್ಲೂಕೋಸ್, ಫ್ರಕ್ಟೋಸ್ ಆಗಿ ಒಡೆದು ಹರಳುಗಟ್ಟುವುದು ತಪ್ಪುತ್ತದೆ. ಪಾತ್ರೆ ಅಗಲವಾಗಿರಬೇಕು, ಪಾಕ ಎರಡು ಬೆರಳಿನ ಆಳಕ್ಕಾದರೂ ಇರಬೇಕು. ಹನ್ನೆರಡು ಹಳದಿಗೆ ಕನಿಷ್ಠ ಅರ್ಧ ಕಿಲೋ ಸಕ್ಕರೆ ಬೇಕೆನ್ನುವುದು ಇದಕ್ಕೇ. ಸಕ್ಕರೆಯೆಲ್ಲ ಎಳೆಯೊಳಗೆ ಹೋಗುವುದಿಲ್ಲ, ಎಳೆಗೆ ತೇಲಲು ಜಾಗ ಬೇಕು. ಸಕ್ಕರೆ ಉಳಿಸಲು ಹೋಗಿ ಪಾಕ ಕಡಿಮೆ ಇಟ್ಟವರು ಹನ್ನೆರಡು ಮೊಟ್ಟೆ ಕಳೆದುಕೊಳ್ಳುತ್ತಾರೆ.

ಎಳೆ

ಹಳೆಯ ಸಾಧನ ತೆಂಗಿನ ಗೆರಟೆ. ಚೆನ್ನಾಗಿ ತುರಿದು ನುಣ್ಣಗೆ ಮಾಡಿದ ಗೆರಟೆಗೆ ಕಾದ ಸೂಜಿಯಿಂದಲೋ ಸಣ್ಣ ಮೊಳೆಯಿಂದಲೋ ತೂತು ಮಾಡುತ್ತಾರೆ. ತೂತು ದೊಡ್ಡದಾದರೆ ಎಳೆ ಶಾವಿಗೆಯಷ್ಟು ದಪ್ಪವಾಗಿ ಒಳಗೆ ಹಸಿಯಾಗಿ ಉಳಿಯುತ್ತದೆ. ಈಗ ಅನೇಕರು ಮುಚ್ಚಳಕ್ಕೆ ತೂತು ಮಾಡಿದ ಪ್ಲಾಸ್ಟಿಕ್ ಬಾಟಲಿಯನ್ನೋ, ತೊಳೆದು ಮೂಲೆ ಕತ್ತರಿಸಿದ ಹಾಲಿನ ಪ್ಯಾಕೆಟ್ಟನ್ನೋ ಬಳಸುತ್ತಾರೆ. ಬಾಟಲಿಯನ್ನು ಒತ್ತಿದಷ್ಟು ಹಳದಿ ಬೀಳುವುದರಿಂದ ಎಳೆ ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ. ಗೆರಟೆಯಲ್ಲಿ ಹಳದಿ ತನ್ನ ಭಾರಕ್ಕೆ ತಾನೇ ಒಂದೇ ಸಮನೆ ಇಳಿಯುತ್ತದೆ. ಸೌಕರ್ಯ ಬಾಟಲಿಯದು, ಎಳೆ ಗೆರಟೆಯದು ಎಂದೇ ಹೇಳಬೇಕು.

ಕೈ ಪಾತ್ರೆಯ ಮೇಲೆ ಒಂದು ಗೇಣಿನೊಳಗಿರಬೇಕು. ಮೇಲಿನಿಂದ ಬೀಳುವ ಯಾವ ದ್ರವದ ಎಳೆಯೂ ಒಂದು ಉದ್ದ ದಾಟಿದ ಮೇಲೆ ಮೇಲ್ಮೈ ಸೆಳೆತದಿಂದ ಹನಿಗಳಾಗಿ ಒಡೆಯುತ್ತದೆ. ಎತ್ತರದಿಂದ ಬಿಟ್ಟರೆ ಎಳೆಯ ಬದಲು ಕಾಳು ಸಿಗುವುದು ಇದರಿಂದ. ಅಂದ ಹಾಗೆ, ನಮ್ಮಲ್ಲಿ ಕೆಟ್ಟಿತೆಂದು ಬದಿಗಿಡುವ ಈ ಕಾಳಿನಂಥದ್ದೇ ಥಾಯ್ಲೆಂಡಿನಲ್ಲಿ ಥೊಂಗ್ ಯೋತ್ ಎಂಬ ಬೇರೆಯೇ ಸಿಹಿ. ತೀರ ತಗ್ಗಿಸಿ ಹಿಡಿದರೆ ಹಬೆಗೆ ತೂತಿನ ಬಾಯಲ್ಲೇ ಹಳದಿ ಬೆಂದು ಮುಚ್ಚಿಕೊಳ್ಳುತ್ತದೆ. ಕೈ ದೊಡ್ಡ ವೃತ್ತದಲ್ಲಿ, ನಿಲ್ಲಿಸದೆ, ಒಂದೇ ದಿಕ್ಕಿಗೆ ಸುತ್ತಬೇಕು. ನಿಂತಲ್ಲಿ ಗಂಟು, ಹಿಂದೆ ಬಂದಲ್ಲಿ ಎಳೆಯ ಮೇಲೆ ಎಳೆ ಕೂತು ಹೆಣೆದುಕೊಳ್ಳುತ್ತದೆ.

ಇಷ್ಟನ್ನೂ ಒಬ್ಬರೇ ಮಾಡುವುದು ಹೇಗೆ ಎಂಬ ಪ್ರಶ್ನೆ ಸಹಜ. ಮಾಡುವುದು ಇಬ್ಬರೇ. ಒಬ್ಬರು ಗೆರಟೆ ಸುತ್ತುತ್ತಾರೆ, ಇನ್ನೊಬ್ಬರು ಉರಿ ನೋಡಿ, ನೀರು ಚಿಮುಕಿಸಿ, ಒಂದೆರಡು ನಿಮಿಷದೊಳಗೆ ತೂತಿನ ಸೌಟಿನಿಂದ ಎತ್ತಿ ಪಾಕ ಸೋರಲು ಬಿಟ್ಟು ತಟ್ಟೆಗೆ ಹರಡುತ್ತಾರೆ. ಬಿಸಿ ಇರುವಾಗಲೇ ಬೆರಳ ತುದಿಯಿಂದ ಬಿಡಿಸಬೇಕು, ತಣಿದ ಮೇಲೆ ಬಿಡಿಸಲು ಹೋದರೆ ತುಂಡಾಗುತ್ತದೆ. ಪಾಕ ಅಂಟಿ ಬೆರಳು ಸುಡುತ್ತದೆ, ಪಕ್ಕದಲ್ಲಿ ತಣ್ಣೀರಿನ ಬಟ್ಟಲಿಟ್ಟು ಬೆರಳು ಅದ್ದುತ್ತಾ ಬಿಡಿಸುತ್ತಾರೆ. ಮನೆಯಲ್ಲಿ ಹೆಂಗಸರ ಸಂಖ್ಯೆ ಹೆಚ್ಚಿದ್ದ ಕೂಡುಕುಟುಂಬದಲ್ಲಿ ಎರಡನೆಯ ಜೋಡಿ ಕೈಗೆ ಬರವಿರಲಿಲ್ಲ. ಗಂಡ ಹೆಂಡತಿ ಇಬ್ಬರೇ ಇರುವ ಬಾಡಿಗೆ ಮನೆಯಲ್ಲಿ ಈ ಸಿಹಿ ಮರೆಯಾಗುತ್ತಿರುವುದಕ್ಕೆ ಮುಖ್ಯ ಕಾರಣ ಇದು. ಆ ಎರಡನೆಯ ಜೋಡಿ ಕೈ ಗಂಡಸಿನದಾದರೆ ಪಾಕ ಕೆಡುವುದಿಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು.

ಬಿಳಿಯ ಲೆಕ್ಕ

ಹನ್ನೆರಡು ಮೊಟ್ಟೆಯಿಂದ ಉಳಿಯುವ ಬಿಳಿ 400 ಗ್ರಾಮಿನಷ್ಟು, ಅಂದರೆ ಬಳಸಿದ ಹಳದಿಯ ಎರಡರಷ್ಟು. ಇದನ್ನು ಚೆಲ್ಲುವ ಪದ್ಧತಿ ಇಲ್ಲ. ಬಿಳಿಗೆ ಹಾಲಿನ ಪುಡಿ, ಏಲಕ್ಕಿ, ಮಿಕ್ಕ ಪಾಕ ಸೇರಿಸಿ ಕಲಸಿ, ತುಪ್ಪ ಸವರಿದ ತಟ್ಟೆಯಲ್ಲಿ ಹಬೆಗೆ ಇಟ್ಟರೆ ಆಗುವುದು ಪಿಂಞಾಣತ್ತಪ್ಪ. ಅದನ್ನು ಶಂಕರಪೋಳಿಯ ಆಕಾರಕ್ಕೆ ಕೊಯ್ದು ತಟ್ಟೆಯ ಅಡಿಯಲ್ಲಿಟ್ಟು, ಮೇಲೆ ಹಳದಿಯ ಎಳೆಗಳನ್ನು ರಾಶಿ ಹಾಕಿ, ಗೇರುಬೀಜವನ್ನೋ ಚೆರ್ರಿಯನ್ನೋ ಇಡುತ್ತಾರೆ. ಮೊಟ್ಟೆಯೂ ಪಾಕವೂ ಹೀಗೆ ಪೂರ್ತಿ ಮುಗಿದುಹೋಗುತ್ತವೆ.

ಇದಕ್ಕೂ ತನ್ನದೇ ಕಷ್ಟವಿದೆ. ಉರಿ ಜೋರಾದರೆ ಬಿಳಿ ಉಬ್ಬಿ, ಒಳಗೆ ಜೇನುಗೂಡಿನಂತೆ ತೂತು ಬಿದ್ದು, ತಣಿದಾಗ ನೀರು ಬಿಡುತ್ತದೆ. ಮುಚ್ಚಳದಿಂದ ಹಬೆಯ ಹನಿ ಬಿದ್ದಲ್ಲಿ ಗುಳಿ. ಮುಚ್ಚಳಕ್ಕೆ ಬಟ್ಟೆ ಕಟ್ಟಿ, ಸಣ್ಣ ಉರಿಯಲ್ಲಿ ಕಾಲು ಗಂಟೆ ಬಿಟ್ಟರೆ ಸಾಕು.

ಸಂಬಂಧಿಸಿದ ತಿನಿಸುಗಳು

ಇದೇ ಅಡುಗೆಮನೆಗಳ ಚಟ್ಟಿ ಪತ್ತಿರಿಯಲ್ಲಿ ತೆಳು ದೋಸೆಗಳನ್ನು ಮೊಟ್ಟೆ ಹಾಲಿನಲ್ಲಿ ಅದ್ದಿ, ಗಸಗಸೆ, ಗೇರುಬೀಜ, ಒಣದ್ರಾಕ್ಷಿ ಉದುರಿಸುತ್ತಾ ಪದರ ಪದರವಾಗಿ ಜೋಡಿಸಿ ಬೇಯಿಸುತ್ತಾರೆ. ಅಲ್ಲಿ ಬೇಕಾದದ್ದು ತಾಳ್ಮೆ ಮಾತ್ರ, ಒಂದು ಪದರ ಕೆಟ್ಟರೆ ಮುಂದಿನದು ಮುಚ್ಚುತ್ತದೆ. ಮಂಗಳೂರು ಕ್ರೈಸ್ತರ ಕುಸ್ವಾರಿನಲ್ಲಿ ಬರುವ ರೋಸ್ ಕುಕ್ಕಿಗೆ ಮೊಟ್ಟೆ, ತೆಂಗಿನ ಹಾಲು, ಮೈದಾ ಸೇರಿಸಿದ ಹಿಟ್ಟು. ಹೂವಿನ ಅಚ್ಚನ್ನು ಎಣ್ಣೆಯಲ್ಲಿ ಕಾಯಿಸಿ ಹಿಟ್ಟಿನಲ್ಲಿ ಮುಕ್ಕಾಲು ಭಾಗ ಮಾತ್ರ ಅದ್ದಬೇಕು. ಪೂರ್ತಿ ಮುಳುಗಿದರೆ ಹಿಟ್ಟು ಅಚ್ಚನ್ನು ಸುತ್ತಿಕೊಂಡು ಬಿಡುವುದೇ ಇಲ್ಲ, ಅಚ್ಚು ಸರಿಯಾಗಿ ಕಾಯದಿದ್ದರೆ ಹಿಡಿಯುವುದೇ ಇಲ್ಲ. ಮೊದಲ ನಾಲ್ಕೈದು ಕೆಡುವುದು ಅಲ್ಲಿ ವಾಡಿಕೆ, ಅಚ್ಚು ಹದಕ್ಕೆ ಬಂದ ಮೇಲೆ ನೂರಾದರೂ ಸಲೀಸು. ಮೊಟ್ಟೆ ಮಾಲೆಯ ನಡೆ ಇದಕ್ಕೆ ತಿರುವುಮುರುವು. ಅದರ ಪಾಕ ಸರದಿಯಿಂದ ಸರದಿಗೆ ಹದ ತಪ್ಪುತ್ತಾ ಹೋಗುತ್ತದೆ, ಹಾಗಾಗಿ ಕೊನೆಯ ಎಳೆಯವರೆಗೂ ಕಣ್ಣು ತೆಗೆಯುವಂತಿಲ್ಲ.

ಮೊದಲ ಸಲ ಮಾಡುವವರು ಆರು ಮೊಟ್ಟೆಗಿಂತ ಹೆಚ್ಚು ಒಡೆಯಬಾರದು. ಪಾಕವನ್ನು ಮಾತ್ರ ಹನ್ನೆರಡರ ಲೆಕ್ಕಕ್ಕೇ ಇಡಬೇಕು, ನೀರಿನ ಲೋಟ ಕೈಗೆಟಕುವಲ್ಲಿರಬೇಕು.